ಎಮ್ಮೆ ಹೊಂಡದಲ್ಲಿ ಸಮಾಲೋಚನೆ

“ಯಾರ ಕೈಯಲ್ಲೂ ಅನ್ಯಾಯ ಅನ್ನಿಸಿಕೊಳ್ಳದೆ ಆಳನ್ನು ಕೆಲಸದಿಂದ ತೆಗೆಯುವುದು ಹೇಗೆಂದು ನನ್ನಿಂದ ಕಲಿಯಬೇಕು!” ಎಂದು ದಿವಾನ ಬಸವಂತಯ್ಯ ತುಂಬಿದ ಸಭೆಯಲ್ಲಿ ಮೀಸೆ ತಿರುವಿದ.

ಹೊನ್ನಗುಡ್ಡದ ದೊರೆ ತಿಮ್ಮಣ್ಣನಾಯಕ ಕೇಳಿದ, “ಯಾರನ್ನು ತೆಗೆದೆ?”

“ಪಲ್ಲಕ್ಕಿಯ ದುರುಗನನ್ನು, ಪ್ರಭು. ಹೊರುವವರು ಎಂಟು ಮಂದಿ. ಇವನು ಬರೀ ಕೈ ಬೀಸಿಕೊಂಡು ಮುಂದೆ ನಡೆಯುತ್ತ ‘ಕಲ್ಲು’, ‘ತಗ್ಗು’ ಅಂತ ಕೂಗುತ್ತಾನೆ. ಕೂಗುವುದಕ್ಕೂ ಒಬ್ಬ ಆಳೇ? ಆದರೂ ಸುಮ್ಮನೆ ತೆಗೆಯಲಿಲ್ಲ. ಕರೆಸಿ, ಅವನ ಅಭಿಪ್ರಾಯ ಕೇಳಿದೆ.”

ಸಭೆಯ ಬಾಗಿಲಲ್ಲಿ ದುರುಗ ತಲೆ ತಗ್ಗಿಸಿ ನಿಂತಿದ್ದ. ಇಪ್ಪತ್ತೆರಡು ವರ್ಷ ಕೂಗಿ ಕೂಗಿ ದನಿ ಒಡೆದಿತ್ತು. ಕೆಲಸದ ಜೊತೆಗೆ ಬಂದ ಮನೆಯನ್ನೂ ಅಮಾವಾಸ್ಯೆಯೊಳಗೆ ಬಿಡಬೇಕು. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುವುದೋ ಪಾಪ, ಅವನಿಗೆ ತೋಚಿರಲಿಲ್ಲ.

ಆಸ್ಥಾನದ ವಿದೂಷಕ ಕೋನೇರಯ್ಯನಿಗೆ ಇಂಥದ್ದರಲ್ಲಿ ಮೂಗು ತೂರಿಸದಿದ್ದರೆ ಊಟ ಸೇರುತ್ತಿರಲಿಲ್ಲ. “ದುರುಗಾ, ದಿವಾನರು ನಿನ್ನನ್ನು ಕೇಳಿದ್ದು ಯಾವಾಗಪ್ಪಾ?”

“ಮಂಗಳವಾರ ಸ್ವಾಮಿ. ಆಜ್ಞೆ ಆಗ್ಲೇ ಬರೆದಾಗಿತ್ತು. ಮೊಹರಿನ ಅರಗೂ ಆರಿಹೋಗಿತ್ತು.”

“ಕೇಳಿದೆನೋ ಇಲ್ಲವೋ, ಅಷ್ಟು ಹೇಳು!” ದಿವಾನ ಗದರಿದ.

“ಕೇಳಿದ್ರಿ ಬುದ್ಧಿ.”

“ಮುಗಿಯಿತಲ್ಲ!”

“ಮುಗಿದೇ ಹೋಯಿತು,” ಎಂದ ಕೋನೇರಯ್ಯ. “ಇಂಥ ನ್ಯಾಯವಂತರನ್ನು ನೆಲದ ಮೇಲೆ ನಡೆಸಬಾರದು ಪ್ರಭು. ಕೆರೆಯ ತೂಬು ನೋಡಲು ಹೊರಟಿದ್ದೀರಲ್ಲ, ತಾವು ಕುದುರೆ ಏರಿ. ಪಲ್ಲಕ್ಕಿ ಇವತ್ತು ದಿವಾನರಿಗಿರಲಿ.”

ದೊರೆಯ ಪಲ್ಲಕ್ಕಿ! ಬಸವಂತಯ್ಯ ಉಬ್ಬಿಹೋದ. ಒಳಗೆ ಕೂತು ದಿಂಬಿಗೆ ಒರಗಿದ. ಎಂಟು ಮಂದಿ ಎತ್ತಿಕೊಂಡು ಹೊರಟರು. ಕೋನೇರಯ್ಯ ಪಕ್ಕದಲ್ಲೇ ನಡೆದ. ದುರುಗನೂ ಮನಸ್ಸು ತಡೆಯದೆ ದೂರದಿಂದ ಹಿಂಬಾಲಿಸಿದ.

ಭಾರ ಹೊತ್ತು ತಲೆ ಬಗ್ಗಿಸಿ ಓಡುವವರಿಗೆ ದಾರಿ ಎಷ್ಟು ಕಂಡೀತು? ಕೆರೆಯ ಹತ್ತಿರ ಎಮ್ಮೆಗಳು ಹೊರಳಾಡುವ ಹೊಂಡವೊಂದಿತ್ತು. ಮೇಲೆ ಪಾಚಿ ಕಟ್ಟಿ ಹುಲ್ಲಿನ ಹಾಗೇ ಕಾಣುತ್ತಿತ್ತು. ಮುಂದಿನವರ ಕಾಲು ಜಾರಿತು, ಪಲ್ಲಕ್ಕಿ ವಾಲಿತು. ದಿವಾನ ದಿಂಬಿನ ಸಮೇತ ಕೆಸರಿಗೆ ಬಿದ್ದು ಸೊಂಟದವರೆಗೆ ಹೂತುಕೊಂಡ. ಪಕ್ಕದಲ್ಲಿದ್ದ ಎಮ್ಮೆಯೊಂದು ಸರಿದು ಜಾಗ ಬಿಟ್ಟಿತು.

ಕೋನೇರಯ್ಯ ದಡದಲ್ಲಿ ನಿಂತು ಕೈ ಮುಗಿದ. “ಸ್ವಾಮಿ, ತಮ್ಮನ್ನು ಈ ಹೊಂಡಕ್ಕೆ ಇಳಿಸಬೇಕೆಂದಿದ್ದೇವೆ. ತಮ್ಮ ಅಭಿಪ್ರಾಯವೇನು?”

“ಬಿದ್ದ ಮೇಲೆ ಕೇಳುತ್ತೀಯೇನೋ! ಹೊಂಡ ನಿನಗೆ ಕಾಣಲಿಲ್ಲವೇ?”

“ಚೆನ್ನಾಗಿ ಕಂಡಿತು.”

“ಮತ್ತೆ ಕೂಗಬಾರದಿತ್ತೆ?”

“ಆ ಕೆಲಸವನ್ನು ತಾವೇ ತೆಗೆದಿರಲ್ಲ ಸ್ವಾಮಿ! ಅಷ್ಟಾದರೂ ಅನ್ಯಾಯ ಮಾಡಲಿಲ್ಲ. ಕೇಳಿದೆವೋ ಇಲ್ಲವೋ, ಹೇಳಿ.”

ಕುದುರೆಯ ಮೇಲಿದ್ದ ನಾಯಕ ಹೊಟ್ಟೆ ಹಿಡಿದುಕೊಂಡು ನಕ್ಕ. “ಸಾಕು ಕೋನೇರಯ್ಯ, ಅರ್ಥವಾಯಿತು. ಆ ಆಜ್ಞೆ ಹರಿದುಹಾಕಿ. ದುರುಗ ಈಗಲೇ ಕೆಲಸಕ್ಕೆ ಬರಲಿ.”

“ಪ್ರಭು, ಪ್ರಭು! ತಾವೂ ಅದೇ ತಪ್ಪು ಮಾಡುತ್ತಿದ್ದೀರಿ. ಮೊದಲು ಅವನನ್ನು ಕೇಳಿ.”

ನಾಯಕ ಕುದುರೆಯಿಂದ ಇಳಿದು ದುರುಗನ ಬಳಿಗೇ ಹೋದ. “ಬರುತ್ತೀಯೇನಪ್ಪಾ? ಮನೆ, ಸಂಬಳ ಎಲ್ಲ ಮೊದಲಿನ ಹಾಗೇ. ಆದರೆ ನಿನ್ನ ಇಷ್ಟ.”

ದುರುಗನ ಕಣ್ಣು ತುಂಬಿತು. ಇಪ್ಪತ್ತೆರಡು ವರ್ಷದಲ್ಲಿ ಅವನ ಇಷ್ಟವನ್ನು ಯಾರೂ ಕೇಳಿರಲಿಲ್ಲ. ಒಮ್ಮೆ ಕೋನೇರಯ್ಯನ ಮುಖ ನೋಡಿದ, ಒಮ್ಮೆ ಹೊಂಡದ ಕಡೆ ನೋಡಿದ.

“ದೊಡ್ಡ ಮಾತು ಬುದ್ಧಿ. ಆದ್ರೆ ದುಡುಕಬಾರ್ದು. ಊರಿಗೆ ಹೋಗಿ ನಮ್ಮ ಮನೆಯವಳನ್ನ ಒಂದು ಮಾತು ಕೇಳ್ಕೊಂಡು ಬಂದುಬಿಡ್ತೀನಿ. ಅಲ್ಲೀಗಂಟ ದಿವಾನರು ಅಲ್ಲೇ ಇರ್ಲಿ.”