ಬಾವಿಯ ಅಂಚಿನ ಸಣ್ಣ ಕಲ್ಲು

"ಗುರುಗಳೇ, ಒಂದು ಮಾತನ್ನು ಪರೀಕ್ಷೆ ಮಾಡಿ ತೋರಿಸಿಬಿಟ್ಟರೆ ಜನ ಒಪ್ಪಲೇಬೇಕಲ್ಲವೇ?" ಎಂದು ಶಿಷ್ಯ ಕೇಳಿದ.

ಗುರುಗಳು ದೇವರ ಮುಂದಿನ ದೀಪಕ್ಕೆ ಎಣ್ಣೆ ಹಾಕಿ ಬಂದು ಕುಳಿತು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಬಾವಿ ತೋಡುವ ಅಣ್ಣತಮ್ಮಂದಿರಿದ್ದರು. ತಮ್ಮ ಕೆಳಗಿಳಿದು ಅಗೆಯುವನು. ಅಣ್ಣ ಮೇಲೆ ನಿಂತು ಮಣ್ಣಿನ ಬುಟ್ಟಿ ಎಳೆಯುವನು. ದೊಡ್ಡ ಕಲ್ಲು ಬೇಗ ಬೀಳುತ್ತದೆ, ಸಣ್ಣದು ನಿಧಾನವಾಗಿ ಬೀಳುತ್ತದೆ ಎಂಬುದು ಆ ಊರಿನವರ ನಂಬಿಕೆ. ಅದಕ್ಕೇ ಬಾವಿಯ ಅಂಚಿನಿಂದ ದೊಡ್ಡ ಕಲ್ಲುಗಳನ್ನು ಮಾತ್ರ ದೂರ ಸಾಗಿಸುತ್ತಿದ್ದರು. ಸಣ್ಣದು ಜಾರಿದರೆ ಮೇಲಿನವನು 'ಕಲ್ಲು' ಎಂದು ಕೂಗಬೇಕು, ಕೆಳಗಿನವನು ಗೋಡೆಗೆ ಒತ್ತಿ ನಿಲ್ಲಬೇಕು. ಅದೇ ಕಟ್ಟಳೆ.

ಬಾವಿ ಹತ್ತಾಳು ಆಳವಾದಾಗ ಅಣ್ಣನಿಗೆ ಅನುಮಾನ ಬಂತು. ತಮ್ಮ ಊಟಕ್ಕೆ ಮೇಲೆ ಬಂದಿದ್ದಾಗ, ಒಂದು ಕೈಯಲ್ಲಿ ತೆಂಗಿನಕಾಯಿಯಷ್ಟು ಕಲ್ಲು, ಇನ್ನೊಂದರಲ್ಲಿ ನಿಂಬೆಹಣ್ಣಿನಷ್ಟು ಕಲ್ಲು ಹಿಡಿದು ಒಟ್ಟಿಗೆ ಬಿಟ್ಟ. ಕೇಳಿದ್ದು ಒಂದೇ ಸದ್ದು. ಏಳು ಸಲ ಬಿಟ್ಟ. ಏಳು ಸಲವೂ ಒಂದೇ ಸದ್ದು.

ಅವನು ಊರ ಗೌಡನ ಬಳಿಗೆ ಹೋದ.

"ಗೌಡರೇ, ಸಣ್ಣ ಕಲ್ಲೂ ಅಷ್ಟೇ ಬೇಗ ಬೀಳುತ್ತದೆ. ಕೂಗಿದರೆ ಸಾಲದು. ಅಂಚನ್ನು ಪೂರ್ತಿ ಗುಡಿಸಬೇಕು, ಎರಡು ದಿನ ಕೆಲಸ ನಿಲ್ಲಿಸಿ. ಬೇಕಾದರೆ ನೀವೇ ಬಂದು ಕಿವಿಯಿಟ್ಟು ಕೇಳಿ."

"ನಮ್ಮ ಅಜ್ಜನ ಕಾಲದಿಂದ ಹನ್ನೆರಡು ಬಾವಿ ತೋಡಿಸಿದ್ದೇವಪ್ಪ. ನಿನ್ನ ಮಾತು ಕೇಳಿದರೆ, ನಾಳೆ ನನ್ನ ಮೀಸೆಯ ಕೂದಲು ಉದುರಿದರೂ ಕೆಲಸ ನಿಲ್ಲಿಸಬೇಕಾದೀತು."

ಪಕ್ಕದಲ್ಲಿ ಕೂತಿದ್ದ ಪಂಚರು ನಕ್ಕರು. ಅಣ್ಣ ಮರಳಿ ಬಂದು ಹಗ್ಗ ಹಿಡಿದ.

ಮೂರನೆಯ ದಿನ ನಿಂಬೆಹಣ್ಣಿನಷ್ಟು ಕಲ್ಲೊಂದು ಜಾರಿತು. ಅಣ್ಣ ಕೂಗಿದ. ತಮ್ಮ ತಲೆ ಎತ್ತುವಷ್ಟರಲ್ಲಿ ಕಲ್ಲು ತಲುಪಿತ್ತು. ಮಣ್ಣು ಎಳೆಯುವ ಹಗ್ಗದಲ್ಲೇ ಹೆಣವನ್ನೂ ಎಳೆದರು.

ಪಂಚಾಯಿತಿ ಸೇರಿತು. ಗೌಡ ಆ ಕಲ್ಲನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದ.

"ಇಷ್ಟು ಸಣ್ಣ ಕಲ್ಲು. ಪಕ್ಕಕ್ಕೆ ಸರಿಯಲು ಬೇಕಾದಷ್ಟು ಹೊತ್ತಿತ್ತು. ನೀನೇ ತಡವಾಗಿ ಕೂಗಿದ್ದೀಯ," ಎಂದ.

ಪಂಚರು ಹೌದೆಂದರು. ತಮ್ಮನನ್ನು ಕೊಂದವನೆಂದು ಅಣ್ಣನನ್ನು ಊರು ಬಿಡಿಸಿದರು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ.

"ಬಾವಿ ಅಲ್ಲೇ ಇತ್ತು. ಕಲ್ಲು ಗೌಡನ ಕೈಯಲ್ಲೇ ಇತ್ತು. ಆಗಲಾದರೂ ಒಮ್ಮೆ ಬಿಟ್ಟು ನೋಡಬಹುದಿತ್ತಲ್ಲ, ಗುರುಗಳೇ?"

"ನೋಡಿದ್ದರೆ, ಊರು ಬಿಡಬೇಕಾದವರು ಅವರೇ ಆಗುತ್ತಿದ್ದರಪ್ಪ."