ಕಾವು ಬಿಡಿಸುವವನ ಹಿತ್ತಿಲು

"ನಂಬಿದರೆ ನಂಬಿ, ಇಲ್ಲವಾದರೆ ಬಿಡಿ ವಸ್ತಾದರೇ. ಈ ಗರಡಿಯಲ್ಲಿ ನನ್ನಷ್ಟು ಸಾಮು ಮಾಡುವವನು ಇನ್ನೊಬ್ಬನಿಲ್ಲ. ಎಲ್ಲರಿಗಿಂತ ಮೊದಲು ಬರುತ್ತೇನೆ, ಎಲ್ಲರೂ ಹೋದ ಮೇಲೆ ಹೋಗುತ್ತೇನೆ. ಅವರು ಮೈ ಒರೆಸಿಕೊಂಡು ಕೂತು ಹರಟುವಾಗಲೂ ನಾನು ಬಸ್ಕಿ ಹೊಡೆಯುತ್ತಿರುತ್ತೇನೆ. ಹಾಗಿದ್ದೂ ನನ್ನ ಮೈ ಏಕೆ ಬೆಳೆಯುತ್ತಿಲ್ಲ? ಕೈಕಾಲು ಏಕೆ ಹೀಗೆ ಸೋಲುತ್ತವೆ?"

ಕೇಳಿದವನು ಮಾದೇಶ. ಹಬ್ಬದ ಕುಸ್ತಿಗೆ ಜೋಡಿ ಕಟ್ಟುವ ದಿನ ಹತ್ತಿರವಾಗಿತ್ತು. ಈ ಸಲ ಗೆದ್ದೇ ಬರುತ್ತೇನೆ ಎಂದು ಅವನು ತನ್ನ ಊರಿಗೆಲ್ಲ ಹೇಳಿಟ್ಟಿದ್ದ. ಆದರೆ ಹಿಂದಿನ ಸಂಜೆ, ಅವನಿಗಿಂತ ಕಿರಿಯನಾದ ಒಬ್ಬ ಅವನನ್ನು ಮಣ್ಣಿಗೆ ಕೆಡವಿದ್ದ. ಮಾದೇಶ ಕೇಳಲು ಬಂದದ್ದು ಇನ್ನೊಂದಷ್ಟು ಕಠಿಣವಾದ ಸಾಮನ್ನು.

ವಸ್ತಾದರು ಕಟ್ಟೆಯ ಮೇಲೆ ಅವನನ್ನು ಕೂರಿಸಿಕೊಂಡರು. "ಒಬ್ಬ ರೈತನಿದ್ದ" ಎಂದು ಶುರು ಮಾಡಿದರು.

ಆ ರೈತನಿಗೆ ಇದ್ದದ್ದು ತುಂಡು ಹೊಲ, ಒಂದು ಮನೆ, ಮನೆಯ ಹಿಂದೆ ಒಂದು ಹಿತ್ತಿಲು. ಆ ಸೀಮೆಯಲ್ಲಿ ಮಗಳನ್ನು ಗಂಡನ ಮನೆಗೆ ಕಳಿಸುವಾಗ ಮಡಿಲಕ್ಕಿಯ ಜೊತೆಗೆ ಒಂದು ಹೇಂಟೆಯನ್ನೂ ಒಂದು ಹುಂಜವನ್ನೂ ಕೊಟ್ಟು ಕಳಿಸುವ ರೂಢಿ. ಅವನ ಹೆಂಡತಿಯೂ ಹಾಗೆ ಮಂಕರಿಯಲ್ಲಿ ಜೋಡಿ ಕೋಳಿ ತಂದಿದ್ದಳು. ಹಿತ್ತಿಲಲ್ಲಿ ಆಡುತ್ತಿದ್ದ ಕೋಳಿಗಳೆಲ್ಲ ಆ ಜೋಡಿಯ ಸಂತಾನ.

ಅವರಿಗೆ ಒಬ್ಬಳೇ ಮಗಳು. ಅವಳು ದೊಡ್ಡವಳಾಗುತ್ತಿದ್ದಂತೆ ರೈತನ ತಲೆಗೆ ಒಂದು ಆಸೆ ಹೊಕ್ಕಿತು. ಹಿತ್ತಿಲು ಕಾಲಿಡಲು ಜಾಗವಿಲ್ಲದಷ್ಟು ಕೋಳಿಗಳಿಂದ ತುಂಬಬೇಕು. ಮಗಳು ಹೋಗುವಾಗ ಬರೀ ಜೋಡಿಯಲ್ಲ, ಗಾಡಿ ತುಂಬ ಕೋಳಿ ಹೋಗಬೇಕು. ಬೀಗರು ಬಾಯಿ ಬಿಟ್ಟು ನೋಡಬೇಕು. ಇದನ್ನು ಅವನು ಮನಸ್ಸಿನಲ್ಲಿ ಇಟ್ಟುಕೊಳ್ಳಲಿಲ್ಲ. ಅರಳಿಕಟ್ಟೆಯಲ್ಲಿ ಕೂತವರಿಗೆಲ್ಲ ಹೇಳಿದ. "ಬರೆದಿಟ್ಟುಕೊಳ್ಳಿ. ಇಂಥ ಮಡಿಲು ಈ ಊರಿಂದ ಹೋಗಿಲ್ಲ, ಇನ್ನು ಹೋಗೋದೂ ಇಲ್ಲ."

ಕಟ್ಟೆಯ ಮೇಲಿದ್ದ ಒಬ್ಬ ಮುದುಕ, "ಮೊದಲು ಕೋಳಿಗೆ ಹೇಳಿ ಬಾ ಕಣಪ್ಪ, ನಮಗೆ ಆಮೇಲೆ ಹೇಳುವೆಯಂತೆ" ಎಂದ.

ರೈತ ದುಡಿಮೆಗೆ ಹೆದರುವವನಲ್ಲ. ಗೂಡು ಕಟ್ಟಿದ. ಗೆದ್ದಲು ಕೆದಕಿ ತಂದು ಹಾಕಿದ. ಮುಂಗುಸಿ ಬರದಂತೆ ಕಾದ, ಹದ್ದು ಎರಗದಂತೆ ಕಾದ. ಮೊಟ್ಟೆ ಇಟ್ಟ ಕೋಳಿಯ ಬೆನ್ನು ಸವರಿ ಮುದ್ದು ಮಾಡಿದ. ಅವನಿಗೆ ಆಗದಿದ್ದ ಕೋಳಿ ಒಂದೇ ಬಗೆಯದು. ಅದು ಕಾವಿಗೆ ಕೂತ ಕೋಳಿ.

ಒಂದು ಸರದಿ ಮೊಟ್ಟೆಯಿಟ್ಟು ಮುಗಿದ ಹೇಂಟೆ ಮೂಲೆ ಹಿಡಿಯುತ್ತದೆ. ಮೈ ಕಾಯುತ್ತದೆ. ರೆಕ್ಕೆ ಅಗಲಿಸಿ ಕೂತುಬಿಡುತ್ತದೆ. ಮೊಟ್ಟೆ ಇಡುವುದಿಲ್ಲ, ಹೊರಗೆ ಬರುವುದಿಲ್ಲ, ಹತ್ತಿರ ಹೋದರೆ ಗುರ್ರೆನ್ನುತ್ತದೆ. ಅದನ್ನು ಕಂಡರೆ ರೈತನಿಗೆ ಮೈಯೆಲ್ಲ ಉರಿಯುತ್ತಿತ್ತು. ತಾನು ಬೆಳಗಿನಿಂದ ಬೈಗಿನವರೆಗೆ ದುಡಿಯುತ್ತಿರುವಾಗ ಇದೊಂದು ಜೀವ ಸುಮ್ಮನೆ ಕೂತಿದೆಯಲ್ಲ ಎಂದು. ಅವನು ಅದಕ್ಕೆ ಹೆಸರನ್ನೂ ಇಟ್ಟ. ಕೂತು ತಿನ್ನೋ ಕೋಳಿ.

ಕಾವು ಬಿಡಿಸುವ ಕೈಚಳಕ ಹಳ್ಳಿಯಲ್ಲಿ ಎಲ್ಲರಿಗೂ ಸ್ವಲ್ಪ ಗೊತ್ತು. ಕೋಳಿಯನ್ನು ತಣ್ಣೀರಿನ ತೊಟ್ಟಿಯಲ್ಲಿ ಅದ್ದುತ್ತಾರೆ. ಅದರದೇ ಒಂದು ಪುಕ್ಕ ಕಿತ್ತು ಮೂಗಿನ ಹೊಳ್ಳೆಗೆ ತೂರಿಸಿ ಬಿಡುತ್ತಾರೆ. ಕೋಳಿ ಆ ಪುಕ್ಕ ಉದುರಿಸಲು ತಲೆ ಕೊಡವುತ್ತ ಓಡಾಡುತ್ತದೆ, ಕೂರುವುದನ್ನು ಮರೆಯುತ್ತದೆ. ಆಮೇಲೆ ಮತ್ತೆ ಮೊಟ್ಟೆಗೆ ಬರುತ್ತದೆ. ರೈತ ಇದರಲ್ಲಿ ಎತ್ತಿದ ಕೈಯಾದ. ಅವನು ಹಿಡಿದ ಕೋಳಿ ಮರುದಿನ ಎದ್ದು ಓಡಾಡಲೇಬೇಕು. ಬೀದಿಯವರೂ ತಮ್ಮ ಕೋಳಿಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಅವನ ಬಾಗಿಲಿಗೆ ಬರತೊಡಗಿದರು. ಅವನು ಮೀಸೆಯ ಮೇಲೆ ಕೈಯಾಡಿಸಿ, "ಕೊಡಿ ಇಲ್ಲಿ, ಇದರ ಸೋಮಾರಿತನ ಇಳಿಸ್ತೀನಿ" ಎನ್ನುತ್ತಿದ್ದ.

ಹೆಂಡತಿ ಒಮ್ಮೆ ತಡೆದಳು. "ಒಂದಾದರೂ ಕೂರಲಿ ಬಿಡಿ. ಅದೂ ಒಂದು ಕೆಲಸವೇ ಅಲ್ಲವಾ?"

"ಯಾವ ಕೆಲಸ ಅದು? ಕಣ್ಣು ಮುಚ್ಚಿಕೊಂಡು ಕೂರೋದಾ? ಮೊದಲು ಮೊಟ್ಟೆ ಹೆಚ್ಚಲಿ ಕಣೇ. ಮೊಟ್ಟೆ ಹೆಚ್ಚಿದರೆ ಕೋಳಿ ಹೆಚ್ಚದೆ ಎಲ್ಲಿಗೆ ಹೋಗುತ್ತೆ?"

ಲೆಕ್ಕ ಅವನಿಗೆ ಸರಿಯಾಗಿಯೇ ಕಂಡಿತು. ಎಷ್ಟು ಬಿಡಿಸಿದರೂ ಮತ್ತೆ ಮತ್ತೆ ಕಾವಿಗೆ ಕೂರುವ ಹಟಮಾರಿ ಕೋಳಿಗಳನ್ನು ಸಂತೆಗೆ ಒಯ್ದು, ಬದಲಿಗೆ ಕೂರುವ ಅಭ್ಯಾಸವೇ ಇಲ್ಲದ ಹೊಸ ತಳಿಯ ಕೋಳಿಗಳನ್ನು ತಂದ. ಅವು ದಪ್ಪ ಮೊಟ್ಟೆ ಇಟ್ಟವು. ಇಟ್ಟು ಎದ್ದು ಹೋದವು, ತಿರುಗಿ ನೋಡಲಿಲ್ಲ. ಹೆಂಡತಿ ತವರಿನಿಂದ ತಂದ ಸಂತಾನ ಹಾಗೆ ಒಂದೊಂದಾಗಿ ಹಿತ್ತಿಲು ದಾಟಿತು. ರೈತ ಮಂಕರಿ ಮಂಕರಿ ಮೊಟ್ಟೆ ತೋರಿಸಿ ಊರಿನ ಕಣ್ಣು ಕುಕ್ಕಿದ. ಕೋಳಿಗಳು ಮಾತ್ರ ಇದ್ದಷ್ಟೇ ಇದ್ದವು. ಮುಂಗುಸಿ ಒಯ್ದದ್ದರ ಜಾಗ ಖಾಲಿಯೇ ಉಳಿಯಿತು.

ಮಗಳಿಗೆ ಗಂಡು ಗೊತ್ತಾಯಿತು. ಈಗ ಮರಿ ಮಾಡಿಸಬೇಕು ಎಂದು ರೈತ ಎದ್ದು ನಿಂತ. ಒಳ್ಳೆಯ ಮೊಟ್ಟೆಗಳನ್ನು ಆರಿಸಿ ಹುಲ್ಲಿನ ಮೇಲೆ ಜೋಡಿಸಿದ. ಕೂರಿಸಲು ಕೋಳಿ ಹುಡುಕಿದ. ಯಾವ ಕೋಳಿಯೂ ಕೂರಲಿಲ್ಲ. ಹಿಡಿದು ತಂದು ಮೊಟ್ಟೆಯ ಮೇಲಿಟ್ಟು ಮಂಕರಿ ಕವುಚಿದ. ಒಳಗೆ ಅದು ಎದ್ದು ನಿಂತು, ಮೊಟ್ಟೆ ತುಳಿದು, ಒಡೆದದ್ದನ್ನು ತಾನೇ ಕುಡಿಯಿತು. ಇನ್ನೊಂದನ್ನು ಇಟ್ಟ. ಅದೂ ಹಾಗೇ ಮಾಡಿತು.

ಬೀದಿಯಲ್ಲಿ ಕೇಳೋಣವೆಂದರೆ, ಬೀದಿಯ ಕೋಳಿಗಳ ಕಾವನ್ನೆಲ್ಲ ಬಿಡಿಸಿ ಕಳಿಸಿದವನು ಅವನೇ. ಪಕ್ಕದ ಊರಿಗೆ ಹೋಗಿ ಕೇಳಬಹುದಿತ್ತು. ಆದರೆ ಅಷ್ಟೆಲ್ಲ ಆಡಿದ ಬಾಯಿಯಿಂದ, ಒಂದು ಕೋಳಿ ಕೊಡಿ ಎಂಬ ಮಾತು ಹೊರಡಲಿಲ್ಲ.

"ಕೋಳಿ ಮಾಡೋದನ್ನ ನಾನು ಮಾಡಲಾರೆನಾ?" ಎಂದ ರೈತ.

ಹೊಟ್ಟು ತುಂಬಿದ ಮಂಕರಿಯಲ್ಲಿ ಮೊಟ್ಟೆಗಳನ್ನು ಹೂತು, ಕಂಬಳಿ ಹೊದಿಸಿ, ಒಲೆಯ ಪಕ್ಕದಲ್ಲಿ ಇಟ್ಟ. ತಾನೂ ಅಲ್ಲೇ ಕೂತ. ಬಿಸಿ ಹೆಚ್ಚಾಯಿತೇನೋ ಎಂದು ಕಂಬಳಿ ತೆಗೆದ. ಆರಿತೇನೋ ಎಂದು ಹೊದಿಸಿದ. ಮೊಟ್ಟೆ ಮಗುಚಿದ, ಕೆನ್ನೆಗೆ ತಾಗಿಸಿ ನೋಡಿದ, ಕಿವಿಗಿಟ್ಟು ಅಲ್ಲಾಡಿಸಿ ಕೇಳಿದ. ಹೊಲಕ್ಕೆ ಹೋಗುವುದು ನಿಂತಿತು. ಊಟ ಅಲ್ಲೇ, ತೂಕಡಿಕೆ ಅಲ್ಲೇ. ಕಣ್ಣು ಒಳಗೆ ಹೋಯಿತು, ಬೆನ್ನು ಬಾಗಿತು. ಬಿಟ್ಟು ಎದ್ದರೆ ಕೆಡುತ್ತದೆ ಎಂಬ ಭಯ. ಕೂತರೂ ಕೂತಂತಿಲ್ಲ, ಕೈ ಒಂದು ಗಳಿಗೆ ಸುಮ್ಮನಿರುವುದಿಲ್ಲ. ಇಷ್ಟು ದಣಿವು ಅವನಿಗೆ ಉಳುವಾಗಲೂ ಆಗಿರಲಿಲ್ಲ.

ಹೆಂಡತಿ ಮುದ್ದೆ ತಂದು ಮುಂದಿಟ್ಟು ಅಂದಳು. "ಈಗ ಕೂತು ತಿನ್ನೋರು ಯಾರು?"

ಬೀದಿಯ ಕೊನೆಯ ಮನೆಯ ಅಜ್ಜಿ ಕೆಂಡಕ್ಕೆಂದು ಬಂದವಳು ಅವನನ್ನು ನೋಡಿ ಬಾಗಿಲಲ್ಲೇ ನಿಂತಳು. "ಏನ್ಲಾ ಮಗ, ನಿನ್ನ ಮೂಗಿಗೂ ಒಂದು ಪುಕ್ಕ ತೂರಿಸಲಾ? ಎದ್ದು ಓಡಾಡ್ತೀಯೇನೋ."

ಮನೆಯವರೆಲ್ಲ ನಕ್ಕರು. ರೈತನಿಗೆ ನಗು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಸಿಟ್ಟಿಗೂ ಒಂದಿಷ್ಟು ತ್ರಾಣ ಬೇಕು.

ದಿನ ತುಂಬಿತು. ಮರಿ ಏಳಲಿಲ್ಲ. ಮನೆಯಲ್ಲೆಲ್ಲ ನಾತ ಹರಡಿತು. ಹೆಂಡತಿ ಮಂಕರಿಯನ್ನು ಎತ್ತಿಕೊಂಡು ಹೋಗಿ ತಿಪ್ಪೆಯ ಪಕ್ಕದಲ್ಲಿ ಗುಂಡಿ ತೋಡಿ ಮುಚ್ಚಿ ಬಂದಳು.

ಮದುವೆ ನಡೆಯಿತು. ಗಾಡಿ ತುಂಬ ಕೋಳಿ ಹೋಗಲಿಲ್ಲ. ರೂಢಿಯಂತೆ ಒಂದು ಜೋಡಿ ಹೋಯಿತು. ಆದರೂ ರೈತ ಎದೆಯುಬ್ಬಿಸಿಕೊಂಡೇ ಬೀಗಿತಿಯ ಮುಂದೆ ಮಂಕರಿ ಇಟ್ಟ. "ಇಂಥ ಹೇಂಟೆ ನಿಮ್ಮ ಸೀಮೆಯಲ್ಲಿ ಕಂಡಿರಲಿಕ್ಕಿಲ್ಲ ಬೀಗಿತಿಯಮ್ಮ. ದಿನಾ ಇಡುತ್ತೆ."

ಬೀಗಿತಿ ಹೇಂಟೆಯನ್ನು ಎತ್ತಿ, ಎದೆಯ ಪುಕ್ಕ ಸರಿಸಿ ನೋಡಿದಳು. "ಕೂರುತ್ತಾ?"

"ಮೊಟ್ಟೆ ಹಿಡಿ ತುಂಬ ಇರುತ್ತೆ."

"ಅದು ಸರಿ ಬೀಗರೇ. ಕೂರುತ್ತಾ ಅಂದೆ."

ರೈತ ಚಪ್ಪರದ ಕಡೆ ತಿರುಗಿ, ಎಲೆ ಹಾಕಿದರಾ ನೋಡುತ್ತೇನೆ ಎಂದು ಹೊರಟುಹೋದ. ಮಗಳು ತಲೆ ತಗ್ಗಿಸಿ ನಿಂತಿದ್ದಳು. ಅವನು ಅದನ್ನು ಕಂಡ. ಆಮೇಲೆ ಬಹಳ ದಿನ ಅದು ಅವನ ಕಣ್ಣಿನಿಂದ ಹೋಗಲಿಲ್ಲ.

ಮಗಳು ಹೋದ ಮೇಲೆ ಹಿತ್ತಿಲು ಕರಗುತ್ತ ಬಂತು. ಕೋಳಿಗಳಿಗೆ ವಯಸ್ಸಾಯಿತು. ಮೊಟ್ಟೆ ಕಡಿಮೆಯಾಯಿತು. ಒಂದನ್ನು ಹದ್ದು ಒಯ್ಯಿತು, ಒಂದು ಕಾಯಿಲೆಗೆ ಹೋಯಿತು. ರೈತ ಈಗಲೂ ದುಡಿಯುತ್ತಿದ್ದ. ಗೂಡು ಗುಡಿಸುತ್ತಿದ್ದ, ಗೆದ್ದಲು ತರುತ್ತಿದ್ದ, ಆಕಾಶ ನೋಡುತ್ತಿದ್ದ. ದುಡಿಮೆ ಹೆಚ್ಚಾದಷ್ಟೂ ಹಿತ್ತಿಲು ಬರಿದಾಗುತ್ತಿತ್ತು. ಯಾಕೆಂದು ಅವನಿಗೆ ಗೊತ್ತಿತ್ತು. ಯಾರಿಗೂ ಹೇಳಲಿಲ್ಲ. ಅರಳಿಕಟ್ಟೆಯ ಕಡೆ ಹೋಗುವುದನ್ನೇ ಬಿಟ್ಟ.

ಮೊದಲ ಹಬ್ಬಕ್ಕೆ ಮಗಳು ತವರಿಗೆ ಬಂದಳು. ಅವಳ ತಲೆಯ ಮೇಲೆ ಬಟ್ಟೆ ಮುಚ್ಚಿದ ಮಂಕರಿಯಿತ್ತು. ಇಳಿಸಿ ಬಟ್ಟೆ ತೆಗೆದಳು. ಒಳಗೆ ಒಂದು ಸಣಕಲು ಹೇಂಟೆ. ದಾರಿಯುದ್ದಕ್ಕೂ ಕುಲುಕಿದರೂ ಎದ್ದಿರಲಿಲ್ಲ. ಮೈ ಕಾದಿತ್ತು, ಕಣ್ಣು ಅರೆ ಮುಚ್ಚಿತ್ತು.

ಕೊಟ್ಟ ಮನೆಯಿಂದ ಕೋಳಿ ತವರಿಗೆ ಬರುವುದು ಆ ಸೀಮೆಯಲ್ಲಿ ಹಿಂದೆಂದೂ ಆದದ್ದಲ್ಲ. ರೈತನ ಮುಖ ಸಣ್ಣಗಾಯಿತು.

"ನಮ್ಮತ್ತೆ ಕಳಿಸಿದರು ಅಪ್ಪ" ಎಂದಳು ಮಗಳು. "ಪುಕ್ಕಟೆ ಅಲ್ಲ, ವಾರಕ್ಕೆ, ಪಾಲಿನ ಲೆಕ್ಕದಲ್ಲಿ. ಮರಿ ಎದ್ದರೆ ಅರ್ಧ ಅವರಿಗೆ, ಅರ್ಧ ನಿಮಗೆ. ಕಾವು ಮುಗಿದ ಮೇಲೆ ಹೇಂಟೆ ವಾಪಸ್ಸು ಕೊಡಬೇಕಂತೆ." ಸ್ವಲ್ಪ ತಡೆದು ಸೇರಿಸಿದಳು. "ಇನ್ನೊಂದು ಮಾತೂ ಹೇಳಿದ್ದಾರೆ. ನಿಮ್ಮಪ್ಪ ಮಾತ್ರ ಹತ್ತಿರ ಬರಕೂಡದು ಅಂತ."

ಹೆಂಡತಿ ಮುಖ ಆಚೆ ತಿರುಗಿಸಿ ನಕ್ಕಳು. ಆಮೇಲೆ ಕೋಣೆಯ ಮೂಲೆಯಲ್ಲಿ ಹುಲ್ಲು ಹಾಸಿ, ಇದ್ದಬದ್ದ ಮೊಟ್ಟೆಗಳನ್ನು ಇಟ್ಟಳು. ಹೇಂಟೆ ಅವುಗಳನ್ನು ಕೊಕ್ಕಿನಿಂದ ಎದೆಯ ಕೆಳಗೆ ಎಳೆದುಕೊಂಡು ಕೂತಿತು.

ರೈತ ಬಾಗಿಲಲ್ಲಿ ನಿಂತ. ಅವನ ಕೈ ತಾನಾಗಿ ಮುಂದೆ ಹೋಯಿತು. ಮೊಟ್ಟೆ ಎಲ್ಲ ಒಳಗೆ ಸೇರಿವೆಯೋ ಇಲ್ಲವೋ ನೋಡಬೇಕು, ಅಷ್ಟೇ.

"ಕೈ ತೆಗೀರಿ" ಎಂದಳು ಹೆಂಡತಿ.

ಅವನು ಕೈ ತೆಗೆದ. ಹೊಸ್ತಿಲ ಮೇಲೆ ಕುಳಿತ. ಮಾಡಲು ಏನೂ ಇರಲಿಲ್ಲ. ಅವನ ಬದುಕಿನಲ್ಲಿ ಅದಕ್ಕಿಂತ ಕಷ್ಟದ ಕೆಲಸ ಬಂದಿರಲಿಲ್ಲ. ಹೇಂಟೆಯನ್ನೇ ನೋಡಿದ. ಅದರ ಎದೆಯ ಪುಕ್ಕ ಉದುರಿ ಬರಿ ಚರ್ಮ ಮೊಟ್ಟೆಗೆ ತಾಗುತ್ತಿತ್ತು. ಮುಂದಿಟ್ಟ ರಾಗಿಯನ್ನು ಅದು ಮುಟ್ಟಿರಲಿಲ್ಲ. ಕೂತು ತಿನ್ನುವ ಕೋಳಿ ಎಂದು ಹೆಸರಿಟ್ಟವನು ಕಾವಿನ ಕೋಳಿ ತಿನ್ನುವುದೇ ಅಪರೂಪ ಎಂಬುದನ್ನು ಅಂದು ಕಂಡ. ಎಷ್ಟು ಕೋಳಿಗಳನ್ನು ಎಬ್ಬಿಸಿದ್ದೆ ಎಂದು ನೆನೆಯಲು ಹೋದ. ನೆನಪು ಮುಗಿಯಲಿಲ್ಲ. ಗೋಡೆಗೆ ತಲೆಯಾನಿಸಿದ. ಹಾಗೆಯೇ ನಿದ್ದೆ ಬಂತು. ಯಾರೂ ಅವನನ್ನು ಎಬ್ಬಿಸಲಿಲ್ಲ.

"ಕೊನೆಗೆ ಅವನಿಗೆ ಸಿಕ್ಕಿದ್ದು ಅಷ್ಟೇ" ಎಂದರು ವಸ್ತಾದರು. "ವಾರಕ್ಕೆ ಬಂದ ಒಂದು ಕಾವಿನ ಹೇಂಟೆ."

ಮಾದೇಶ ಕಟ್ಟೆಯ ಮೇಲೆ ಹತ್ತಿರಕ್ಕೆ ಸರಿದ.

"ಮರಿ ಎದ್ದವಾ ವಸ್ತಾದರೇ?"

"ಕೂತದ್ದು ಕೂತೇ ಇದ್ದರೆ ಏಳದೆ ಏನು?"

ಮಾದೇಶ ತೊಡೆ ತಟ್ಟಿ ನಕ್ಕ. "ಏನೇ ಹೇಳಿ, ಆ ರೈತ ಶುದ್ಧ ದಡ್ಡ. ನಾನಾಗಿದ್ದರೆ, ಕೂರುತ್ತೇನೆ ಅಂದ ಜೀವವನ್ನು ಮೊದಲ ದಿನವೇ ಕೂರಲು ಬಿಡುತ್ತಿದ್ದೆ."

ತಟ್ಟಿದ ತೊಡೆ ಬಸ್ಕಿಯ ದಣಿವಿಗೆ ಇನ್ನೂ ನಡುಗುತ್ತಿತ್ತು. ವಸ್ತಾದರು ಅದರ ಮೇಲೆ ಕೈಯಿಟ್ಟರು.

"ಹಾಗಾದರೆ ಇದನ್ನೂ ಕೂರಲು ಬಿಡೋ" ಎಂದರು.

ಮಾದೇಶ ತನ್ನ ತೊಡೆಯನ್ನೊಮ್ಮೆ ನೋಡಿಕೊಂಡ. ಹೊಸ ಸಾಮು ಕೇಳಲು ಬಂದಿದ್ದವನಿಗೆ ಅಂದು ಸಿಕ್ಕಿದ್ದು ಮಲಗಲು ಒಂದು ಚಾಪೆ.