ಗಾಜಿನೊಳಗಿನ ಅರಮನೆ

ಶಾಲೆಯ ಗಾಜಿನ ಪೆಟ್ಟಿಗೆಯಲ್ಲಿ ಥರ್ಮಾಕೋಲಿನ ಅರಮನೆಯೊಂದಿತ್ತು. ಅದರ ಮುಂದೆ ‘ಮುಟ್ಟಬೇಡಿ’ ಎಂಬ ಚೀಟಿ. ಕೆಳಗೆ ಮಕ್ಕಳು ಮರಳುಗುಡ್ಡೆಯ ಮೇಲೆ ಪುಟ್ಟ ಮಣ್ಣಿಟ್ಟಿಗೆಗಳನ್ನು ಜೋಡಿಸಿ ಕಮಾನು ಕಟ್ಟುತ್ತಿದ್ದರು. ನೆತ್ತಿಯ ಇಟ್ಟಿಗೆ ಇಡುವ ಮೊದಲೇ ಮರಳು ತೆಗೆದರು. ಕಮಾನು ನಾಲ್ಕನೇ ಸಲ ಕುಸಿಯಿತು.

“ನಾಚಿಕೆಯಿಲ್ಲವೇ ನಿನಗೆ? ಹತ್ತು ವರ್ಷದಲ್ಲಿ ನಾನು ಒಮ್ಮೆಯೂ ಬಿದ್ದಿಲ್ಲ!” ಎಂದಿತು ಅರಮನೆ, ಜಂಬದಿಂದ.

“ಬಿದ್ದಾಗಲೆಲ್ಲ ನನ್ನನ್ನು ಎತ್ತಲು ಹತ್ತು ಕೈ ಬರುತ್ತವೆ. ನಿಮ್ಮ ಹತ್ತಿರ ಯಾರು ಬಂದರು?” ಎಂದಿತು ಕಮಾನು.

ಅಷ್ಟರಲ್ಲಿ ಆ ಮಕ್ಕಳಲ್ಲೊಬ್ಬಳಾದ ಪುಟ್ಟ ಮಂದಾಕಿನಿ ಕೂಗಿದಳು: “ಟೀಚರ್, ಮೊದಲು ನೆತ್ತಿಯ ಇಟ್ಟಿಗೆ ಇಡಬೇಕು, ಆಮೇಲೆ ಮರಳು ತೆಗೀಬೇಕು!”

ಐದನೇ ಸಲ ಕಮಾನು ನಿಂತಿತು. ಮಕ್ಕಳು ಅದರಡಿ ಕೈ ತೂರಿಸಿ ಕುಣಿದರು.

ಅರಮನೆ ಮೆಲ್ಲಗೆ ಕೇಳಿತು: “ತಮ್ಮಾ, ನನ್ನನ್ನೂ ಒಮ್ಮೆ ಬೀಳಿಸಲು ಈ ಮಕ್ಕಳಿಗೆ ಹೇಳುತ್ತೀಯಾ?”